ಒಂದೇ ಮನೆಯ ವೈರಸ್, ಒಬ್ಬೊಬ್ಬರ ಮೈಯಲ್ಲಿ ಒಂದೊಂದು ರೂಪ

ಬಸುರಿಯ ರಕ್ತಪರೀಕ್ಷೆಯಲ್ಲಿ ‘ಹೆಪಟೈಟಿಸ್ ಬಿ ಪಾಸಿಟಿವ್’ ಎಂದು ಬಂದೊಡನೆ ನಮ್ಮ ಮನೆಗಳಲ್ಲಿ ಮೊದಲು ಏಳುವ ಪ್ರಶ್ನೆ ಚಿಕಿತ್ಸೆಯದಲ್ಲ, ‘ಇದು ಎಲ್ಲಿಂದ ಬಂತು’ ಎಂಬುದು. ಅನುಮಾನ ಬಹುಬೇಗ ಸೊಸೆಯ ಮೇಲೆ, ಅವಳ ತವರಿನ ಮೇಲೆ, ಅವಳ ನಡತೆಯ ಮೇಲೆ ಹೊರಳುತ್ತದೆ. ಗಂಡನ ರಕ್ತವನ್ನೋ ಅತ್ತೆಯ ರಕ್ತವನ್ನೋ ಪರೀಕ್ಷಿಸುವ ಮೊದಲೇ ತೀರ್ಪು ಹೊರಬಿದ್ದಿರುತ್ತದೆ. ಅವಳ ತಟ್ಟೆ, ಲೋಟ, ಹಾಸಿಗೆ ಬೇರೆಯಾಗುತ್ತವೆ. ಒಟ್ಟಿಗೆ ಕೂತು ಉಣ್ಣುವುದರಿಂದ, ಅಪ್ಪಿಕೊಳ್ಳುವುದರಿಂದ, ಕೆಮ್ಮುವುದರಿಂದ ಹರಡದ ಸೋಂಕಿಗೆ ಈ ಶಿಕ್ಷೆ!

ವೈರಸ್ಸಿನ ಡಿಎನ್‌ಎಯನ್ನು ಓದಿದರೆ ‘ಎಲ್ಲಿಂದ ಬಂತು’ ಎಂಬುದಕ್ಕೆ ಒಂದು ಮಟ್ಟಿಗೆ ಉತ್ತರ ಸಿಗುತ್ತದೆ. ಅದಕ್ಕಿಂತ ಮುಖ್ಯವಾದ, ಆದರೆ ಹೆಚ್ಚಿನವರು ಕೇಳದ ಇನ್ನೊಂದು ಪ್ರಶ್ನೆಗೂ ಅಲ್ಲಿ ಉತ್ತರವಿದೆ: ಒಂದೇ ಮೂಲದಿಂದ ಬಂದ ವೈರಸ್ ತಾಯಿಯಲ್ಲಿ ಒಂದು ಬಗೆಯಾಗಿ, ಮಗನಲ್ಲಿ ಮತ್ತೊಂದು ಬಗೆಯಾಗಿ ಯಾಕೆ ಇರುತ್ತದೆ? ಮನೆಯಲ್ಲಿ ಒಬ್ಬರಿಗೆ ಸೋಂಕಿದೆ ಎಂದು ಗೊತ್ತಾದವರೆಲ್ಲರೂ ಈ ಎರಡನೆಯದನ್ನು ತಿಳಿದುಕೊಳ್ಳಬೇಕು ಎಂಬುದು ನನ್ನ ಆಸೆ. ತಾಯಿಯ ವರದಿಯನ್ನು ನೋಡಿ ಮಗನ ಸ್ಥಿತಿಯನ್ನು ಊಹಿಸಲಾಗದು. ಅದಕ್ಕೆ ಕಾರಣವಿರುವುದು ಇಲ್ಲೇ.

ಮನೆತನದ ಗುಣವೆಂದು ಕಂಡ ಸೋಂಕು

ಈ ವೈರಸ್ ಕುಟುಂಬಗಳಲ್ಲಿ ಗುಂಪುಗೂಡುತ್ತದೆ ಎಂಬುದು ಅದು ವೈರಸ್ ಎಂದು ತಿಳಿಯುವ ಮೊದಲೇ ಕಣ್ಣಿಗೆ ಬಿದ್ದಿತ್ತು. ಅಮೆರಿಕದ ಬರೂಕ್ ಬ್ಲಂಬರ್ಗ್ ಬೇರೆ ಬೇರೆ ಜನಸಮುದಾಯಗಳ ರಕ್ತದಲ್ಲಿರುವ ಪ್ರೋಟೀನುಗಳ ವ್ಯತ್ಯಾಸವನ್ನು ಹುಡುಕುತ್ತಿದ್ದವರು. ಆಸ್ಟ್ರೇಲಿಯದ ಮೂಲನಿವಾಸಿಯೊಬ್ಬರ ರಕ್ತದಲ್ಲಿ ಸಿಕ್ಕ ಹೊಸ ಪ್ರೋಟೀನನ್ನು 1965ರಲ್ಲಿ ‘ಆಸ್ಟ್ರೇಲಿಯ ಆಂಟಿಜೆನ್’ ಎಂಬ ಹೆಸರಿನಲ್ಲಿ ಪ್ರಕಟಿಸಿದರು. ಫಿಲಿಪ್ಪೀನ್ಸಿನ ಸೆಬು ದ್ವೀಪದಂಥ ಕಡೆ ಮನೆಮನೆಯ ರಕ್ತ ಪರೀಕ್ಷಿಸಿದಾಗ ಒಂದೇ ಕುಟುಂಬದ ಹಲವರಲ್ಲಿ ಅದು ಕಂಡಿತು. ರಕ್ತದ ಗುಂಪಿನಂತೆ ಇದೂ ತಂದೆ ತಾಯಿಯ ವಂಶವಾಹಿಯಿಂದ ಬರುವ ಗುಣವಿರಬೇಕು ಎಂಬುದು ಬ್ಲಂಬರ್ಗ್ ತಂಡದ ಮೊದಲ ಲೆಕ್ಕಾಚಾರವಾಗಿತ್ತು. ಮೊದಲು ಆಂಟಿಜೆನ್ ಇಲ್ಲದಿದ್ದ ವ್ಯಕ್ತಿಯಲ್ಲಿ ಆಮೇಲೆ ಅದು ಕಾಣಿಸಿಕೊಂಡು, ಜೊತೆಗೆ ಹೆಪಟೈಟಿಸ್ ಬಂದಾಗ ವಿಷಯ ಬೇರೆಯೇ ಎಂದು ತಿಳಿಯಿತು. ಹುಟ್ಟಿನಿಂದ ಬಂದ ಗುಣ ಹಾಗೆ ನಡುವೆ ಬಂದು ಸೇರುವುದಿಲ್ಲ. ಅವರು ಕಂಡದ್ದು ವೈರಸ್ಸಿನ ಮೇಲ್ಮೈ ಪ್ರೋಟೀನು. ಇಂದು ಲ್ಯಾಬ್ ವರದಿಯಲ್ಲಿ ‘ಎಚ್‌ಬಿಎಸ್‌ಎಜಿ’ ಎಂದು ಬರುವುದು ಅದೇ. ಈ ಕೆಲಸಕ್ಕೆ 1976ರ ನೊಬೆಲ್ ಬಂತು. ಬ್ಲಂಬರ್ಗ್ ಹುಟ್ಟಿದ ಜುಲೈ 28 ಈಗ ವಿಶ್ವ ಹೆಪಟೈಟಿಸ್ ದಿನ.

ಕುಟುಂಬದಲ್ಲಿ ಗುಂಪುಗೂಡಲು ನಿಜವಾದ ಕಾರಣ ಸೋಂಕು ತಗಲುವ ವಯಸ್ಸು. ವಯಸ್ಕರಿಗೆ ಹೆಪಟೈಟಿಸ್ ಬಿ ತಗಲಿದರೆ ನೂರಕ್ಕೆ ತೊಂಬತ್ತೈದು ಮಂದಿಯಲ್ಲಿ ದೇಹವೇ ಅದನ್ನು ತೊಡೆದುಹಾಕುತ್ತದೆ. ನವಜಾತ ಶಿಶುವಿಗೆ ತಗಲಿದರೆ ಲೆಕ್ಕ ತಿರುಗಿಬೀಳುತ್ತದೆ: ನೂರಕ್ಕೆ ತೊಂಬತ್ತು ಶಿಶುಗಳಲ್ಲಿ ಅದು ಜೀವನಪೂರ್ತಿ ಉಳಿಯುತ್ತದೆ. ಆದ್ದರಿಂದ ಇಪ್ಪತ್ತೈದನೇ ವಯಸ್ಸಿನಲ್ಲಿ, ಬಸುರಿಯಾಗಿದ್ದಾಗ, ದೀರ್ಘಕಾಲದ ಹೆಪಟೈಟಿಸ್ ಬಿ ಪತ್ತೆಯಾದ ಹೆಣ್ಣುಮಗಳಿಗೆ ಅದು ಬಂದಿರುವುದು ಹೆಚ್ಚಾಗಿ ಹುಟ್ಟುವಾಗ ಅಥವಾ ಎಳವೆಯಲ್ಲಿ. ಅವಳ ನಡತೆಯನ್ನು ಪ್ರಶ್ನಿಸುವವರು ಈ ಒಂದು ಅಂಕಿಯನ್ನು ನೆನಪಿಟ್ಟುಕೊಳ್ಳಲಿ.

3,200 ಅಕ್ಷರಗಳು

ಹೆಪಟೈಟಿಸ್ ಬಿ ವೈರಸ್ಸಿನ ಡಿಎನ್‌ಎಯಲ್ಲಿ ಇರುವುದು ಸುಮಾರು 3,200 ಅಕ್ಷರಗಳು, ಅಂದರೆ ಎ, ಸಿ, ಜಿ, ಟಿ ಎಂದು ಗುರುತಿಸುವ ರಾಸಾಯನಿಕ ಘಟಕಗಳು. ಮನುಷ್ಯರಿಗೆ ಕಾಯಿಲೆ ತರುವ ಡಿಎನ್‌ಎ ವೈರಸ್‌ಗಳಲ್ಲಿ ಇದು ಅತಿ ಚಿಕ್ಕವುಗಳ ಸಾಲಿಗೆ ಸೇರುತ್ತದೆ. ಈ ವೃತ್ತಾಕಾರದ ಡಿಎನ್‌ಎಯಲ್ಲಿ ನಾಲ್ಕು ವಂಶವಾಹಿಗಳಿವೆ. ಒಂದು ಮೇಲ್ಮೈ ಪ್ರೋಟೀನಿನದು, ಇನ್ನೊಂದು ಒಳಕವಚದ್ದು, ಮೂರನೆಯದು ಪ್ರತಿ ತೆಗೆಯುವ ಪಾಲಿಮರೇಸ್ ಕಿಣ್ವದ್ದು, ನಾಲ್ಕನೆಯದನ್ನು ‘ಎಕ್ಸ್’ ಎನ್ನುತ್ತಾರೆ. ಜಾಗ ಸಾಲದ್ದರಿಂದ ಇವು ಒಂದರ ಮೇಲೊಂದು ಹೊದ್ದುಕೊಂಡಿವೆ. ಮೇಲ್ಮೈ ಪ್ರೋಟೀನಿನ ವಂಶವಾಹಿಯಂತೂ ಇಡಿಯಾಗಿ ಪಾಲಿಮರೇಸ್ ವಂಶವಾಹಿಯ ಒಳಗೇ ಇದೆ. ಅದೇ ಅಕ್ಷರಗಳನ್ನು ಒಂದು ಸ್ಥಾನ ಸರಿಸಿ ಓದಿದರೆ ಬೇರೆ ಪ್ರೋಟೀನು ಸಿಗುತ್ತದೆ. ಹೀಗಾಗಿ ಒಂದು ಅಕ್ಷರ ಬದಲಾದರೆ ಎರಡು ಪ್ರೋಟೀನುಗಳು ಏಕಕಾಲಕ್ಕೆ ಬದಲಾಗಬಹುದು. ಬಹಳಷ್ಟು ಬದಲಾವಣೆಗಳು ಎರಡರಲ್ಲಿ ಒಂದನ್ನು ಕೆಡಿಸಿ ವೈರಸ್ಸನ್ನೇ ಅಳಿಸುತ್ತವೆ. ಉಳಿದು ಬರುವ ಬದಲಾವಣೆಗಳು ಕಡಿಮೆ.

ಹಾಗಿದ್ದರೂ ಬದಲಾವಣೆ ನಿಲ್ಲುವುದಿಲ್ಲ. ಈ ವೈರಸ್ ಡಿಎನ್‌ಎಯಿಂದ ನೇರವಾಗಿ ಡಿಎನ್‌ಎ ಮಾಡುವುದಿಲ್ಲ. ಯಕೃತ್ತಿನ ಜೀವಕೋಶದ ನ್ಯೂಕ್ಲಿಯಸ್ಸಿನಲ್ಲಿ ಅದರ ಮೂಲ ವೃತ್ತ ಕೂತಿರುತ್ತದೆ. ಅದರಿಂದ ಆರ್‌ಎನ್‌ಎ, ಆ ಆರ್‌ಎನ್‌ಎಯಿಂದ ಮತ್ತೆ ಡಿಎನ್‌ಎ ತಯಾರಾಗುತ್ತದೆ. ಈ ಎರಡನೆಯ ಹಂತವನ್ನು ನಡೆಸುವ ಪಾಲಿಮರೇಸ್‌ಗೆ ತಪ್ಪು ತಿದ್ದುವ ಶಕ್ತಿ ಇಲ್ಲ. ಸೋಂಕು ಜೋರಾಗಿರುವವರ ಯಕೃತ್ತಿನಲ್ಲಿ ದಿನವೊಂದಕ್ಕೆ ಹತ್ತು ಸಾವಿರ ಕೋಟಿಗೂ ಹೆಚ್ಚು ವೈರಸ್ ಕಣಗಳು ಹುಟ್ಟುತ್ತವೆ. ಅಷ್ಟು ಪ್ರತಿಗಳಲ್ಲಿ ಎಲ್ಲ ಬಗೆಯ ತಪ್ಪುಗಳೂ ಒಮ್ಮೆಯಾದರೂ ಆಗಿಯೇ ಆಗುತ್ತವೆ. ಅಂದರೆ ಒಬ್ಬ ರೋಗಿಯೊಳಗೆ ಇರುವುದು ಏಕರೂಪದ ವೈರಸ್ ಅಲ್ಲ, ಅಷ್ಟಿಷ್ಟು ಭಿನ್ನವಾದ ವೈರಸ್‌ಗಳ ದೊಡ್ಡ ಗುಂಪು. ಲ್ಯಾಬ್ ಕೊಡುವ ಅಕ್ಷರಸಾಲು ಆ ಗುಂಪಿನಲ್ಲಿ ಬಹುಸಂಖ್ಯೆಯಲ್ಲಿರುವುದರ ಚಿತ್ರ ಮಾತ್ರ.

ಹಳೆಯ ಓಲೆಗರಿ ಪ್ರತಿಗಳನ್ನು ಹೋಲಿಸಿ ಕಾವ್ಯದ ಪಾಠವನ್ನು ನಿರ್ಧರಿಸುವ ವಿದ್ವಾಂಸರು ಮಾಡುವುದನ್ನೇ ವೈರಸ್ ವಿಜ್ಞಾನಿಗಳೂ ಮಾಡುತ್ತಾರೆ. ಎರಡು ಪ್ರತಿಗಳಲ್ಲಿ ಒಂದೇ ಜಾಗದಲ್ಲಿ ಒಂದೇ ತಪ್ಪಿದ್ದರೆ ಅವೆರಡೂ ಒಂದೇ ಮೂಲಪ್ರತಿಯಿಂದ ಇಳಿದವು ಎನ್ನಬಹುದು. ಸರಿಯಾಗಿರುವ ಸಾಲುಗಳು ಏನನ್ನೂ ಹೇಳುವುದಿಲ್ಲ. ನಂಟು ಹೇಳುವುದು ಹಂಚಿಕೊಂಡ ತಪ್ಪುಗಳೇ. ಪಾಠಾಂತರಗಳಿಂದ ಪ್ರತಿಗಳ ವಂಶವೃಕ್ಷ ಬರೆಯುವಂತೆ, ಅಕ್ಷರಗಳ ವ್ಯತ್ಯಾಸದಿಂದ ವೈರಸ್‌ಗಳ ವಂಶವೃಕ್ಷವನ್ನು ಕಂಪ್ಯೂಟರಿನಲ್ಲಿ ಬರೆಯುತ್ತಾರೆ.

ದೊಡ್ಡ ಕೊಂಬೆಗಳು ಜೀನೋಟೈಪ್‌ಗಳು. ಒಟ್ಟು ಅಕ್ಷರಗಳಲ್ಲಿ ಶೇ 8ರಷ್ಟು ವ್ಯತ್ಯಾಸವಿದ್ದರೆ ಬೇರೆ ಜೀನೋಟೈಪ್ ಎಂಬ ಅಳತೆಯನ್ನು 1988ರಲ್ಲಿ ಜಪಾನಿನ ವಿಜ್ಞಾನಿಗಳು ತಂದರು. ಆಗ ನಾಲ್ಕಿದ್ದವು, ಈಗ ‘ಎ’ಯಿಂದ ‘ಜೆ’ವರೆಗೆ ಹೆಸರಿಸುತ್ತಾರೆ. ಭಾರತದಲ್ಲಿ ಹೆಚ್ಚಾಗಿ ಕಾಣುವುದು ‘ಡಿ’ ಮತ್ತು ‘ಎ’. ಪೂರ್ವ ಮತ್ತು ಈಶಾನ್ಯ ರಾಜ್ಯಗಳಲ್ಲಿ ‘ಸಿ’ಯೂ ಇದೆ. ಚೀನಾ, ಜಪಾನ್, ತೈವಾನ್ ಕಡೆ ‘ಬಿ’ ಮತ್ತು ‘ಸಿ’ಗಳದೇ ರಾಜ್ಯಭಾರ.

ಕುಟುಂಬಕ್ಕೆ ಬರೋಣ. ಒಂದು ಸ್ಥಾನದಲ್ಲಿ ಒಂದು ವರ್ಷದಲ್ಲಿ ಬದಲಾವಣೆ ನೆಲೆನಿಲ್ಲುವ ಸಾಧ್ಯತೆ ಸುಮಾರಾಗಿ ಲಕ್ಷಕ್ಕೆ ಒಂದರಿಂದ ಮೂರು. ಲಕ್ಷಕ್ಕೆ ಎರಡು ಎಂದಿಟ್ಟುಕೊಂಡು 3,200ರಿಂದ ಗುಣಿಸಿದರೆ ಇಡೀ ವೈರಸ್ಸಿನಲ್ಲಿ ಒಂದು ಅಕ್ಷರ ಬದಲಾಗಲು ಹದಿನೈದು ಹದಿನಾರು ವರ್ಷ ಬೇಕು. ಒಬ್ಬಳೇ ತಾಯಿಯಿಂದ ಸೋಂಕು ಪಡೆದ ಅಕ್ಕ ತಮ್ಮಂದಿರ ವೈರಸ್‌ಗಳನ್ನು ಇಪ್ಪತ್ತು ವರ್ಷದ ನಂತರ ಹೋಲಿಸಿದರೆ ಎರಡು ಮೂರು ಅಕ್ಷರಗಳ ವ್ಯತ್ಯಾಸ ಇರಬೇಕು. ಅದೇ ಊರಿನ, ಅದೇ ಜೀನೋಟೈಪಿನ, ನಂಟಿಲ್ಲದ ಇಬ್ಬರ ನಡುವೆ ಹತ್ತಾರು ಅಕ್ಷರಗಳ ಅಂತರವಿರುತ್ತದೆ. ಆದ್ದರಿಂದ ವಂಶವೃಕ್ಷದಲ್ಲಿ ಒಂದು ಮನೆಯವರು ಒಂದೇ ಗೊಂಚಲಿನಲ್ಲಿ ಬರುವುದು ಸಾಮಾನ್ಯ.

ಇದು ಸರಾಸರಿ ಲೆಕ್ಕ. ನಿಜವಾದ ಮನೆಗಳಲ್ಲಿ ಈ ಲೆಕ್ಕ ತಪ್ಪುತ್ತದೆ. ತಪ್ಪುವ ರೀತಿಯೇ ನನಗೆ ಈ ವಿಷಯದಲ್ಲಿ ಅತ್ಯಂತ ಅರ್ಥಪೂರ್ಣವಾಗಿ ಕಾಣುವ ಸಂಗತಿ. ತಾಯಿಯಿಂದ ಸೋಂಕು ಪಡೆದ ಒಡಹುಟ್ಟಿದವರನ್ನು ದಶಕಗಳ ನಂತರ ಪರೀಕ್ಷಿಸಿದ ಅಧ್ಯಯನಗಳಲ್ಲಿ ಒಬ್ಬರ ವೈರಸ್ ಹೆಚ್ಚು ಕಡಿಮೆ ಹುಟ್ಟಿದ ದಿನದಂತೆಯೇ ಇರುತ್ತದೆ, ಮತ್ತೊಬ್ಬರದು ಎಷ್ಟೋ ಕಡೆ ಬದಲಾಗಿರುತ್ತದೆ. ಇಬ್ಬರಿಗೂ ಕಳೆದದ್ದು ಹೆಚ್ಚು ಕಡಿಮೆ ಅಷ್ಟೇ ವರ್ಷ. ವ್ಯತ್ಯಾಸವಿರುವುದು ದೇಹದ ಪ್ರತಿರೋಧದಲ್ಲಿ.

ಹುಟ್ಟುವಾಗಲೇ ಸೋಂಕು ತಗಲಿದ ಮಗುವಿನ ರೋಗನಿರೋಧಕ ವ್ಯವಸ್ಥೆ ಮೊದಲ ಹಲವು ವರ್ಷ ವೈರಸ್ಸಿನ ತಂಟೆಗೆ ಹೋಗುವುದಿಲ್ಲ. ರಕ್ತದಲ್ಲಿ ಕೋಟಿಗಟ್ಟಲೆ ವೈರಸ್ ಇದ್ದರೂ ಲಿವರ್ ಪರೀಕ್ಷೆಗಳು ಸಹಜವಾಗಿರುತ್ತವೆ, ಕಾಮಾಲೆ ಇರುವುದಿಲ್ಲ, ಮಗು ಆಟವಾಡಿಕೊಂಡಿರುತ್ತದೆ. ಈ ಅವಧಿಯಲ್ಲಿ ವೈರಸ್ಸಿಗೆ ಬದಲಾಗುವ ಒತ್ತಡವೇ ಇಲ್ಲ. ಹೊಸ ರೂಪಗಳು ಹುಟ್ಟುತ್ತವೆ, ಹಳೆಯದರ ಮುಂದೆ ನಿಲ್ಲಲಾರದೆ ಅಳಿಯುತ್ತವೆ. ಒಂದು ವಯಸ್ಸಿನಲ್ಲಿ ದೇಹ ಎಚ್ಚೆತ್ತು ಸೋಂಕಿತ ಜೀವಕೋಶಗಳ ಮೇಲೆ ಏರಿಹೋಗುತ್ತದೆ. ಆಗ ತಪ್ಪಿಸಿಕೊಳ್ಳಬಲ್ಲ ರೂಪಗಳಿಗೆ ಮೇಲುಗೈ ಸಿಗುತ್ತದೆ, ಬದಲಾವಣೆಯ ವೇಗ ಹಲವು ಪಟ್ಟು ಏರುತ್ತದೆ. ಅಕ್ಕನಲ್ಲಿ ಈ ಹೋರಾಟ ಹದಿನೆಂಟಕ್ಕೆ ಶುರುವಾಗಿ, ತಮ್ಮನಲ್ಲಿ ಮೂವತ್ತಾದರೂ ಶುರುವಾಗದಿದ್ದರೆ ಇಬ್ಬರ ವೈರಸ್‌ಗಳು ದೂರ ಸರಿಯುತ್ತವೆ.

1896ನೆಯ ಅಕ್ಷರ

ಈ ಹೋರಾಟದ ಗುರುತು ಅತ್ಯಂತ ಸ್ಪಷ್ಟವಾಗಿ ಬೀಳುವ ಒಂದು ಜಾಗವನ್ನು ಹತ್ತಿರದಿಂದ ನೋಡೋಣ. ವೈರಸ್ ತನ್ನ ಒಳಕವಚದ ಪ್ರೋಟೀನಿನ ಜೊತೆಗೆ ‘ಇ-ಆಂಟಿಜೆನ್’ ಎಂಬ ಇನ್ನೊಂದು ಪ್ರೋಟೀನನ್ನು ರಕ್ತಕ್ಕೆ ಬಿಡುತ್ತದೆ. ಹೊಸ ಕಣಗಳನ್ನು ಕಟ್ಟಲು ಅದು ಬೇಕಿಲ್ಲ. ದೇಹದ ಪ್ರತಿರೋಧವನ್ನು ತಣ್ಣಗಿಡುವುದು ಅದರ ಕೆಲಸ ಎಂದು ತಜ್ಞರು ಭಾವಿಸುತ್ತಾರೆ. ತಾಯಿಯ ರಕ್ತದಿಂದ ಗರ್ಭದಲ್ಲಿರುವ ಶಿಶುವಿಗೂ ಅದು ದಾಟಬಲ್ಲದು. ಪ್ರತಿರೋಧ ಎಚ್ಚೆತ್ತ ಮೇಲೆ ಅದೇ ಪ್ರೋಟೀನು ವೈರಸ್ಸಿನ ಪಾಲಿಗೆ ಹೊರೆಯಾಗುತ್ತದೆ.

ಇ-ಆಂಟಿಜೆನ್ ಕಟ್ಟುವ ಸಾಲಿನಲ್ಲಿ ‘ಟಿ-ಜಿ-ಜಿ’ ಎಂಬ ಮೂರಕ್ಷರವಿದೆ. 1896ನೆಯ ಸ್ಥಾನದ ‘ಜಿ’ ಬದಲಾಗಿ ‘ಎ’ ಬಂದರೆ ಅದು ‘ಟಿ-ಎ-ಜಿ’ ಆಗುತ್ತದೆ. ‘ಟಿ-ಎ-ಜಿ’ ಎಂದರೆ ಇಲ್ಲಿಗೆ ನಿಲ್ಲಿಸು ಎಂಬ ಸೂಚನೆ. ಪ್ರೋಟೀನು ಅರ್ಧಕ್ಕೇ ನಿಲ್ಲುತ್ತದೆ, ಇ-ಆಂಟಿಜೆನ್ ತಯಾರಾಗುವುದಿಲ್ಲ. ವೈರಸ್ ಮಾತ್ರ ಎಂದಿನಂತೆ ಬೆಳೆಯುತ್ತದೆ. ಲ್ಯಾಬ್ ವರದಿಯಲ್ಲಿ ‘ಇ-ಆಂಟಿಜೆನ್ ನೆಗೆಟಿವ್’ ಎಂದು ಓದಿ ಕಾಯಿಲೆ ಇಳಿಯಿತು ಎಂದುಕೊಳ್ಳುವ ರೋಗಿಗಳು ಬಹಳ. ಕೆಲವರಲ್ಲಿ ಅದು ನಿಜವೂ ಹೌದು. ಇನ್ನು ಕೆಲವರಲ್ಲಿ ಈ ರೂಪಾಂತರಿ ವೈರಸ್ ಸದ್ದಿಲ್ಲದೆ ಲಿವರನ್ನು ಸವೆಸುತ್ತಿರುತ್ತದೆ. ಅದು ಗೊತ್ತಾಗುವುದು ವೈರಸ್ ಪ್ರಮಾಣದ ಪರೀಕ್ಷೆಯಿಂದ, ಲಿವರ್ ಹಾನಿಗೊಂಡಾಗ ರಕ್ತದಲ್ಲಿ ಏರುವ ಕಿಣ್ವವಾದ ಎಎಲ್‌ಟಿ ಮಟ್ಟವನ್ನು ಮತ್ತೆ ಮತ್ತೆ ನೋಡುವುದರಿಂದ.

ಎಲ್ಲ ಜೀನೋಟೈಪ್‌ಗಳಲ್ಲೂ ಈ ಬದಲಾವಣೆ ಸುಲಭವಲ್ಲ. ವೈರಸ್ಸಿನ ಆರ್‌ಎನ್‌ಎ ಇದೇ ಭಾಗದಲ್ಲಿ ತನ್ನ ಮೇಲೆ ತಾನೇ ಮಡಚಿಕೊಂಡು, 1896ನೆಯ ಅಕ್ಷರ 1858ನೆಯದರ ಎದುರು ಬಂದು ಜೋಡಿಯಾಗುತ್ತದೆ. ಈ ಮಡಿಕೆ ಗಟ್ಟಿಯಾಗಿರದಿದ್ದರೆ ಪ್ರತಿ ತೆಗೆಯುವ ಕೆಲಸವೇ ಶುರುವಾಗದು. ‘ಎ’ ಜೀನೋಟೈಪಿನಲ್ಲಿ ಸಾಮಾನ್ಯವಾಗಿ 1858ರಲ್ಲಿ ‘ಸಿ’ ಇದೆ. ‘ಸಿ’ಗೂ ‘ಜಿ’ಗೂ ಗಟ್ಟಿ ನಂಟು. ‘ಜಿ’ ಹೋದರೆ ಮಡಿಕೆ ಸಡಿಲವಾಗಿ ವೈರಸ್ಸಿಗೇ ನಷ್ಟ. ‘ಡಿ’ ಜೀನೋಟೈಪಿನಲ್ಲಿ ಅಲ್ಲಿರುವುದು ‘ಟಿ’. ಅದಕ್ಕೆ ‘ಜಿ’ಗಿಂತ ‘ಎ’ಯೇ ಒಳ್ಳೆಯ ಜೋಡಿ, ಹಾಗಾಗಿ ಬದಲಾವಣೆಯಿಂದ ಲಾಭ. ‘ಎ’ ಜೀನೋಟೈಪಿನಂಥ ವೈರಸ್‌ಗಳು 1762 ಮತ್ತು 1764ನೆಯ ಸ್ಥಾನಗಳನ್ನು ಬದಲಿಸಿ ಇ-ಆಂಟಿಜೆನ್ ಪ್ರಮಾಣವನ್ನು ತಗ್ಗಿಸುವ ಬೇರೆ ದಾರಿ ಹಿಡಿಯುತ್ತವೆ. ಈ ಜೋಡಿ ಬದಲಾವಣೆ ಇರುವವರಲ್ಲಿ ಲಿವರ್ ಕ್ಯಾನ್ಸರಿನ ಅಪಾಯ ಹೆಚ್ಚು ಎಂದು ಹಲವು ಅಧ್ಯಯನಗಳು ತೋರಿಸಿವೆ.

ಜೀನೋಟೈಪಿಗೂ ಇ-ಆಂಟಿಜೆನ್ ಹೋಗುವ ವಯಸ್ಸಿಗೂ ಇರುವ ನಂಟು ಅಲಾಸ್ಕಾದ ಮೂಲನಿವಾಸಿಗಳಲ್ಲಿ ಎದ್ದು ಕಂಡಿತು. 2007ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ‘ಎ’, ‘ಬಿ’, ‘ಡಿ’, ‘ಎಫ್’ ಇರುವವರಲ್ಲಿ ಅರ್ಧದಷ್ಟು ಮಂದಿ ಇಪ್ಪತ್ತರೊಳಗೇ ಇ-ಆಂಟಿಜೆನ್ ಕಳೆದುಕೊಂಡಿದ್ದರು. ‘ಸಿ’ ಇರುವವರಲ್ಲಿ ಆ ಗಡಿ ಬಂದದ್ದು 47 ದಾಟಿದ ಮೇಲೆ. ಅಂದರೆ ‘ಸಿ’ ಇರುವ ಹೆಂಗಸರು ಹೆರುವ ವಯಸ್ಸಿನುದ್ದಕ್ಕೂ ಇ-ಆಂಟಿಜೆನ್ ಪಾಸಿಟಿವ್ ಆಗಿಯೇ ಇರುವ ಸಂಭವ ಹೆಚ್ಚು. ಅಂಥ ತಾಯಿಯಿಂದ, ಯಾವ ರಕ್ಷಣೆಯೂ ಇಲ್ಲದಿದ್ದರೆ, ನೂರಕ್ಕೆ ಎಪ್ಪತ್ತರಿಂದ ತೊಂಬತ್ತು ಶಿಶುಗಳಿಗೆ ಸೋಂಕು ದಾಟುತ್ತದೆ. ಪೂರ್ವ ಏಷ್ಯಾದಲ್ಲಿ ಹೆಪಟೈಟಿಸ್ ಬಿ ತಲೆತಲಾಂತರ ಹೆರಿಗೆಯ ಹೊತ್ತಿನಲ್ಲೇ ಹರಿದುಬಂದದ್ದು ಹೀಗೆ.

ನಮ್ಮಲ್ಲಿ ಚಿತ್ರ ಬೇರೆ. ಭಾರತದಲ್ಲಿ ಸೋಂಕಿರುವ ತಾಯಂದಿರಲ್ಲಿ ಬಹುಪಾಲು ಇ-ಆಂಟಿಜೆನ್ ನೆಗೆಟಿವ್. ಹೆರಿಗೆಯ ಸಮಯದಲ್ಲಿ ಸೋಂಕು ದಾಟುವುದು ಕಡಿಮೆ, ಆದರೆ ಎಳವೆಯಲ್ಲಿ ಮನೆಯೊಳಗೇ ಒಬ್ಬರಿಂದೊಬ್ಬರಿಗೆ ಹರಡುವುದು ಗಣನೀಯ. ತರಚುಗಾಯ, ಕಜ್ಜಿ, ಹಂಚಿಕೊಂಡ ಉಗುರು ಕತ್ತರಿ, ರೇಜರ್, ಹಲ್ಲುಜ್ಜುವ ಬ್ರಷ್ ಇವೆಲ್ಲ ದಾರಿಗಳು. ಒಣಗಿದ ರಕ್ತದ ಕಲೆಯಲ್ಲೂ ಈ ವೈರಸ್ ಕನಿಷ್ಠ ಏಳು ದಿನ ಜೀವಂತವಾಗಿರುತ್ತದೆ. ಮನೆಯಲ್ಲಿ ಅತಿ ಹೆಚ್ಚು ವೈರಸ್ ಹೊತ್ತಿರುವವರು ಎಲ್ಲರೂ ಬೊಟ್ಟು ಮಾಡುವ ತಾಯಿಯೇ ಆಗಿರಬೇಕಿಲ್ಲ. ತಾಯಿಯಲ್ಲಿ ಇ-ಆಂಟಿಜೆನ್ ಹೋಗಿ ವೈರಸ್ ಇಳಿದಿರಬಹುದು, ಆರು ವರ್ಷದ ಮಗನಲ್ಲಿ ಅದೇ ವಂಶದ ವೈರಸ್ ಮೂಲರೂಪದಲ್ಲಿ ಕೋಟಿಗಟ್ಟಲೆ ಇರಬಹುದು. ತಾಯಿಯಲ್ಲಿ ಎರಡೂ ರೂಪಗಳು ಬೆರೆತಿದ್ದರೆ ಮಗುವಿನಲ್ಲಿ ನೆಲೆಯೂರುವುದು ಹೆಚ್ಚಾಗಿ ಮೂಲರೂಪವೇ, ಅಲ್ಲಿ ಅದನ್ನು ಹತ್ತಿಕ್ಕುವವರಿಲ್ಲ. ಅಪರೂಪಕ್ಕೆ ಇ-ಆಂಟಿಜೆನ್ ನೆಗೆಟಿವ್ ತಾಯಿಯ ಶಿಶುವಿಗೆ ಎರಡು ಮೂರು ತಿಂಗಳಲ್ಲಿ ಮಾರಕ ಹೆಪಟೈಟಿಸ್ ಬರುವುದುಂಟು. ಆದ್ದರಿಂದ ತಾಯಿ ‘ಇ’ ನೆಗೆಟಿವ್ ಎಂದು ಶಿಶುವಿನ ಲಸಿಕೆಯನ್ನು ತಡಮಾಡುವಂತಿಲ್ಲ.

ತಾಯಿಯಲ್ಲಿ ಇಲ್ಲದ್ದು ಮಗುವಿನಲ್ಲಿ

1980ರ ದಶಕದಲ್ಲಿ ದಕ್ಷಿಣ ಇಟಲಿಯಲ್ಲಿ ಹೆಪಟೈಟಿಸ್ ಬಿ ಲಸಿಕೆಯ ಅಧ್ಯಯನ ನಡೆಯುತ್ತಿತ್ತು. ಸೋಂಕಿರುವ ತಾಯಿಗೆ ಹುಟ್ಟಿದ ಒಂದು ಮಗುವಿಗೆ ಸಿದ್ಧ ಪ್ರತಿಕಾಯಗಳ (ವೈರಸ್ಸನ್ನು ಹಿಡಿದು ತಡೆಯುವ ಪ್ರೋಟೀನುಗಳ) ಚುಚ್ಚುಮದ್ದು, ಲಸಿಕೆ ಎರಡನ್ನೂ ಕೊಟ್ಟಿದ್ದರು. ಮಗುವಿನಲ್ಲಿ ಪ್ರತಿಕಾಯಗಳು ಬೆಳೆದವು, ಆದರೂ ವೈರಸ್ ಕಾಣಿಸಿಕೊಂಡಿತು. ಪ್ರತಿಕಾಯ ಮತ್ತು ವೈರಸ್ ಒಟ್ಟಿಗೇ ಇರುವುದು ವಿಚಿತ್ರವೆನಿಸಿ ತಾಯಿ ಮಗು ಇಬ್ಬರ ವೈರಸ್ಸನ್ನೂ ಓದಿದರು. ವಿಲಿಯಂ ಕಾರ್ಮನ್ ಮತ್ತು ಸಹೋದ್ಯೋಗಿಗಳು 1990ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ವರದಿ ಮಾಡಿದ್ದು ಇದು: ಮೇಲ್ಮೈ ಪ್ರೋಟೀನಿನ 145ನೆಯ ಸ್ಥಾನದಲ್ಲಿ ತಾಯಿಯ ವೈರಸ್ಸಿಗೆ ಗ್ಲೈಸೀನ್ ಇತ್ತು, ಮಗುವಿನ ವೈರಸ್ಸಿಗೆ ಆರ್ಜಿನೀನ್. ಡಿಎನ್‌ಎಯಲ್ಲಿ ಬದಲಾದದ್ದು ಒಂದೇ ಅಕ್ಷರ, ‘ಜಿ-ಜಿ-ಎ’ ಹೋಗಿ ‘ಎ-ಜಿ-ಎ’. ಲಸಿಕೆಯಿಂದ ಹುಟ್ಟುವ ಪ್ರತಿಕಾಯಗಳು ಹಿಡಿಯುವ ಭಾಗ ಅದೇ. ಗ್ಲೈಸೀನ್ ಅತಿ ಚಿಕ್ಕ ಅಮೈನೋ ಆಮ್ಲ, ಆರ್ಜಿನೀನ್ ದೊಡ್ಡದು ಮತ್ತು ವಿದ್ಯುದಂಶ ಹೊತ್ತದ್ದು. ಆ ಜಾಗದ ಆಕಾರವೇ ಬದಲಾಗಿ ಪ್ರತಿಕಾಯಕ್ಕೆ ಹಿಡಿತ ಸಿಗಲಿಲ್ಲ. ವರ್ಷಗಳ ನಂತರವೂ ಮಗುವಿನಲ್ಲಿ ಆ ಬದಲಾದ ವೈರಸ್ಸೇ ಇತ್ತು.

ಇಂಥದ್ದು ಹಬ್ಬಿದರೆ ಲಸಿಕೆಯೇ ನಿಷ್ಪ್ರಯೋಜಕವಾಗುತ್ತದೆಂಬ ಆತಂಕ ಆಗ ಸಹಜವಾಗಿತ್ತು. 1984ರಲ್ಲೇ ನವಜಾತ ಶಿಶುಗಳಿಗೆ ರಾಷ್ಟ್ರಮಟ್ಟದಲ್ಲಿ ಲಸಿಕೆ ಆರಂಭಿಸಿದ ತೈವಾನಿನ ಅನುಭವ ಉತ್ತರ ಕೊಟ್ಟಿತು. ಅಲ್ಲಿ ಸೋಂಕಿರುವ ಮಕ್ಕಳ ಪೈಕಿ ಈ ಬಗೆಯ ರೂಪಾಂತರ ಇರುವವರು 1984ರಲ್ಲಿ ಶೇ 8ರಷ್ಟಿದ್ದು 1994ಕ್ಕೆ ಶೇ 28ಕ್ಕೆ ಏರಿದರು. ಈ ಅಂಕಿಯನ್ನಷ್ಟೇ ಓದಿದವರು ಬೆಚ್ಚುತ್ತಾರೆ. ಇದೇ ಕಾಲದಲ್ಲಿ ಸೋಂಕಿರುವ ಮಕ್ಕಳ ಸಂಖ್ಯೆಯೇ ಕುಸಿಯುತ್ತಿತ್ತು: ಮೊದಲು ನೂರಕ್ಕೆ ಹತ್ತರ ಹತ್ತಿರವಿದ್ದದ್ದು ಇಪ್ಪತ್ತು ವರ್ಷದಲ್ಲಿ ಒಂದಕ್ಕಿಂತ ಕಡಿಮೆಯಾಯಿತು. ಲಸಿಕೆ ಸಾಮಾನ್ಯ ವೈರಸ್ಸನ್ನು ಅಳಿಸಿದ್ದರಿಂದ ಉಳಿದ ಕೆಲವರಲ್ಲಿ ರೂಪಾಂತರದ ಪಾಲು ದೊಡ್ಡದಾಗಿ ಕಂಡಿತು, ಅಷ್ಟೆ. ಪ್ರತಿಕಾಯದ ಒತ್ತಡವಿಲ್ಲದ ಕಡೆ ಈ ರೂಪ ಮೂಲರೂಪದ ಮುಂದೆ ದುರ್ಬಲ. ಪಾಲಿಮರೇಸ್ ವಂಶವಾಹಿಯೂ ಅಲ್ಲೇ ಹೊದ್ದಿರುವುದರಿಂದ ಅದೇ ಅಕ್ಷರ ಅತ್ತಲೂ ಒಂದು ಬದಲಾವಣೆ ತರುತ್ತದೆ.

ಔಷಧವೂ ಮನೆಯೊಳಗೆ ವ್ಯತ್ಯಾಸ ಹುಟ್ಟಿಸುತ್ತದೆ. ಹಿಂದೆ ಲ್ಯಾಮಿವುಡಿನ್ ಮಾತ್ರೆಯೊಂದೇ ಕೈಗೆಟುಕುತ್ತಿದ್ದ ಕಾಲದಲ್ಲಿ ಐದು ವರ್ಷ ತೆಗೆದುಕೊಂಡವರಲ್ಲಿ ನೂರಕ್ಕೆ ಎಪ್ಪತ್ತು ಮಂದಿಯ ವೈರಸ್ ಅದಕ್ಕೆ ಬಗ್ಗದಂತಾಯಿತು. ಪಾಲಿಮರೇಸಿನ 204ನೆಯ ಸ್ಥಾನದ ಮೆಥಿಯೊನೀನ್ ಹೋಗಿ ವ್ಯಾಲೀನ್ ಅಥವಾ ಐಸೊಲ್ಯೂಸೀನ್ ಬಂದಿರುತ್ತದೆ. ವ್ಯಾಲೀನ್ ಬಂದಾಗ ಅದೇ ಅಕ್ಷರ ಮೇಲ್ಮೈ ಪ್ರೋಟೀನಿನ 195ನೆಯ ಸ್ಥಾನವನ್ನೂ ಬದಲಿಸುತ್ತದೆ. ಲ್ಯಾಮಿವುಡಿನ್ ತೆಗೆದುಕೊಂಡ ಅಪ್ಪನ ವೈರಸ್ಸಿನಲ್ಲಿ ಇದಿದ್ದು, ಎಂದೂ ಮಾತ್ರೆ ಮುಟ್ಟದ ಚಿಕ್ಕಪ್ಪನ ವೈರಸ್ಸಿನಲ್ಲಿ ಇಲ್ಲದಿರಬಹುದು. ಆದ್ದರಿಂದ ಅಪ್ಪನ ಚೀಟಿ ತೋರಿಸಿ ಮಗ ಅದೇ ಮಾತ್ರೆ ಕೊಳ್ಳುವುದು ತಪ್ಪು. ಈಗ ಬಳಸುವ ಟೆನೊಫೊವಿರ್‌ಗೆ ಪ್ರತಿರೋಧ ತೀರಾ ಅಪರೂಪ, ಎಂಟೆಕವಿರ್‌ಗೆ ಹಿಂದೆ ಲ್ಯಾಮಿವುಡಿನ್ ತೆಗೆದುಕೊಂಡಿಲ್ಲದವರಲ್ಲಿ ಕಡಿಮೆ. ಹಳೆಯ ಮಾತ್ರೆಯ ಇತಿಹಾಸವನ್ನು ವೈದ್ಯರಿಗೆ ಹೇಳಲೇಬೇಕಾದದ್ದು ಇದಕ್ಕೇ.

ಯಾರಿಂದ ಬಂತು?

ಸೊಸೆಗೂ ಗಂಡನಿಗೂ ಬೇರೆ ಬೇರೆ ಜೀನೋಟೈಪ್ ಇದ್ದರೆ, ಅವರಲ್ಲಿರುವ ಸೋಂಕು ಒಬ್ಬರಿಂದೊಬ್ಬರಿಗೆ ಬಂದದ್ದಲ್ಲ ಎಂದು ನಿಸ್ಸಂಶಯವಾಗಿ ಹೇಳಬಹುದು. ಒಂದೇ ಜೀನೋಟೈಪ್ ಎಂದ ಮಾತ್ರಕ್ಕೆ ಏನೂ ಸಾಬೀತಾಗದು, ನಮ್ಮಲ್ಲಿ ‘ಡಿ’ ಇರುವವರೇ ಬಹಳ. ಪೂರ್ತಿ 3,200 ಅಕ್ಷರ ಓದಿ, ಅದೇ ಪ್ರದೇಶದ ನಂಟಿಲ್ಲದವರ ವೈರಸ್‌ಗಳ ಜೊತೆ ಹೋಲಿಸಿ, ಆಗಲೂ ಇಬ್ಬರೂ ಒಂದೇ ಗೊಂಚಲಿನಲ್ಲಿ ಬಂದರೆ ಮೂಲ ಒಂದೇ ಎನ್ನಬಹುದು. ಅಲ್ಲಿಂದ ಮುಂದೆ ‘ಇವಳಿಂದ ಅವನಿಗೆ’ ಎಂದು ದಿಕ್ಕು ಹೇಳುವುದು ಬಹಳ ಕಷ್ಟ. ವರ್ಷಕ್ಕೆ ಅರ್ಧ ಅಕ್ಷರವೂ ಬದಲಾಗದ ವೈರಸ್ಸಿನಲ್ಲಿ ಯಾರು ಮೊದಲು, ಯಾರು ಆಮೇಲೆ ಎಂಬ ಗುರುತೇ ಉಳಿದಿರುವುದಿಲ್ಲ. ಜೀವಕೋಶದ ನ್ಯೂಕ್ಲಿಯಸ್ಸಿನಲ್ಲಿ ಕೂತಿರುವ ಹಳೆಯ ಮೂಲ ವೃತ್ತ ವರ್ಷಗಳ ಮೇಲೆ ಮತ್ತೆ ಪ್ರತಿ ತೆಗೆಯಲು ಶುರುಮಾಡಿದರೆ ಹಳೆಯ ರೂಪ ಹೊಸದಾಗಿ ಕಾಣುತ್ತದೆ. ಅಲ್ಲದೆ ಮೂಲವಾಗಿದ್ದ ಅಜ್ಜಿ ಎಂದೋ ತೀರಿಕೊಂಡಿರುತ್ತಾರೆ, ಅವರ ರಕ್ತ ಯಾರ ಬಳಿಯೂ ಇಲ್ಲ. ಅಜ್ಜಿಯಿಂದ ಇಬ್ಬರು ಮೊಮ್ಮಕ್ಕಳಿಗೂ ಬಂದದ್ದು, ವಂಶವೃಕ್ಷದಲ್ಲಿ ಒಬ್ಬ ಮೊಮ್ಮಗನಿಂದ ಇನ್ನೊಬ್ಬನಿಗೆ ಬಂದಂತೆಯೇ ತೋರಬಹುದು.

ಕೆಲವೊಮ್ಮೆ ಮೂಲ ಮನೆಯ ಹೊರಗಿರುತ್ತದೆ. 2009ರ ಆರಂಭದಲ್ಲಿ ಗುಜರಾತಿನ ಮೊಡಾಸದಲ್ಲಿ ಹೆಪಟೈಟಿಸ್ ಬಿ ಹಠಾತ್ತನೆ ಹಬ್ಬಿ ಎಂಬತ್ತಕ್ಕೂ ಹೆಚ್ಚು ಮಂದಿ ಸತ್ತರು. ಬಳಸಿದ ಸಿರಿಂಜನ್ನೇ ಮತ್ತೆ ಬಳಸಿದ್ದರಿಂದ ಹರಡಿದ ಸೋಂಕು ಅದು. ಅಲ್ಲಿದ್ದದ್ದು ‘ಡಿ’ ಜೀನೋಟೈಪ್, ಜೊತೆಗೆ ಮೇಲೆ ಹೇಳಿದ 1896 ಮತ್ತು 1762, 1764ರ ರೂಪಾಂತರಗಳು. ಒಂದೇ ಮನೆಯ ಇಬ್ಬರು ಒಂದೇ ಚಿಕಿತ್ಸಾಲಯದ ಸೂಜಿಯಿಂದ ಸೋಂಕು ಪಡೆದಿದ್ದರೂ ಅವರ ವೈರಸ್ ಒಂದೇ ಗೊಂಚಲಿನಲ್ಲಿ ಬರುತ್ತದೆ. ಯಾರಿಂದ ಬಂತು ಎಂದು ತೀರ್ಮಾನಿಸಲು ಜೀನ್ ಪರೀಕ್ಷೆ ಮಾಡಿಸುತ್ತೇವೆ ಎನ್ನುವ ಕುಟುಂಬಗಳಿಗೆ ನನ್ನ ನೇರ ಮಾತು: ಆ ಹಣವನ್ನು ಮನೆಮಂದಿಯೆಲ್ಲರ ಎಚ್‌ಬಿಎಸ್‌ಎಜಿ ಪರೀಕ್ಷೆಗೆ ಕೊಡಿ.

ಮನೆಯಲ್ಲಿ ಯಾರಿಗೆ ಯಾವ ಪರೀಕ್ಷೆ

ವಿಶ್ವ ಆರೋಗ್ಯ ಸಂಸ್ಥೆಯ 2024ರ ವರದಿಯ ಪ್ರಕಾರ ಭಾರತದಲ್ಲಿ 2.98 ಕೋಟಿ ಜನರಿಗೆ ಹೆಪಟೈಟಿಸ್ ಬಿ ಇದೆ. ಬಹುಪಾಲು ಜನರಿಗೆ ಅದು ಗೊತ್ತೇ ಇಲ್ಲ, ಏಕೆಂದರೆ ದೀರ್ಘಕಾಲದ ಸೋಂಕಿನಲ್ಲಿ ಕಣ್ಣು ಹಳದಿಯಾಗುವುದು ಕೊನೆಯ ಹಂತಕ್ಕೆ. ಕಾಮಾಲೆಗೆ ಸೊಪ್ಪಿನ ಔಷಧ ಕುಡಿದು ವಾಸಿಯಾಯಿತು ಎನ್ನುವವರನ್ನು ವಾಸಿ ಮಾಡಿದ್ದು ಹೆಚ್ಚಾಗಿ ಅವರ ದೇಹವೇ, ಅದೂ ತಾನಾಗಿ ಇಳಿಯುವ ಹೆಪಟೈಟಿಸ್ ಎ ಅಥವಾ ಇ ಆಗಿದ್ದಾಗ. ಹೆಪಟೈಟಿಸ್ ಬಿಯನ್ನು ಆ ಭರವಸೆಯ ಮೇಲೆ ಬಿಟ್ಟರೆ ಸಿರೋಸಿಸ್ (ಲಿವರ್ ಗಟ್ಟಿಯಾಗಿ ಕುಗ್ಗುವುದು) ಆದ ಮೇಲೆ ಆಸ್ಪತ್ರೆ ಸೇರಬೇಕಾಗುತ್ತದೆ.

ಒಬ್ಬರಿಗೆ ಸೋಂಕಿದ್ದರೆ ಅವರ ತಾಯಿ, ಒಡಹುಟ್ಟಿದವರು, ಗಂಡ ಅಥವಾ ಹೆಂಡತಿ, ಮಕ್ಕಳು ಎಲ್ಲರಿಗೂ ಮೂರು ಪರೀಕ್ಷೆ: ಮೇಲ್ಮೈ ಆಂಟಿಜೆನ್, ಅದರ ವಿರುದ್ಧದ ಪ್ರತಿಕಾಯ, ಒಳಕವಚದ ವಿರುದ್ಧದ ಪ್ರತಿಕಾಯ. ಮೂರೂ ನೆಗೆಟಿವ್ ಬಂದವರಿಗೆ ಲಸಿಕೆ: ಇಂದು, ಒಂದು ತಿಂಗಳಿಗೆ, ಆರು ತಿಂಗಳಿಗೆ. ಮೇಲ್ಮೈ ಆಂಟಿಜೆನ್ ಪಾಸಿಟಿವ್ ಬಂದ ಪ್ರತಿಯೊಬ್ಬರಿಗೂ ಇ-ಆಂಟಿಜೆನ್, ಎಎಲ್‌ಟಿ, ವೈರಸ್ ಪ್ರಮಾಣ, ಲಿವರ್ ಸ್ಕ್ಯಾನ್ ಪ್ರತ್ಯೇಕವಾಗಿ ಆಗಬೇಕು. ಅಣ್ಣನಿಗೆ ಚಿಕಿತ್ಸೆ ಬೇಡವೆಂದ ವೈದ್ಯರು ತಂಗಿಗೆ ಇಂದೇ ಶುರುಮಾಡಿ ಎನ್ನಬಹುದು. ಇಬ್ಬರ ವೈರಸ್ ಒಂದೇ ತಾಯಿಯಿಂದ ಬಂದಿದ್ದರೂ ಇವತ್ತು ಅವು ಬೇರೆ ಹಂತದಲ್ಲಿವೆ. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದ ಕೇಂದ್ರಗಳಲ್ಲಿ ಪರೀಕ್ಷೆಯೂ ಮಾತ್ರೆಯೂ ಉಚಿತ. ಜೀನೋಟೈಪ್ ಅಥವಾ ಅಕ್ಷರಸಾಲಿನ ಪರೀಕ್ಷೆ ದಿನನಿತ್ಯದ ಚಿಕಿತ್ಸೆಗೆ ಬೇಕಿಲ್ಲ. ಮಾತ್ರೆ ತಪ್ಪದೆ ತೆಗೆದುಕೊಂಡರೂ ವೈರಸ್ ಇಳಿಯದಿದ್ದಾಗ, ಅಥವಾ ಪ್ರತಿಕಾಯವಿದ್ದೂ ವೈರಸ್ ಇರುವಾಗ ಅದು ಉಪಯೋಗಕ್ಕೆ ಬರುತ್ತದೆ.

ಬಸುರಿಯ ವೈರಸ್ ಪ್ರಮಾಣ ಮಿಲಿಲೀಟರಿಗೆ ಎರಡು ಲಕ್ಷ ಯೂನಿಟ್ ದಾಟಿದ್ದರೆ 28ನೇ ವಾರದಿಂದ ಟೆನೊಫೊವಿರ್ ಕೊಡುತ್ತಾರೆ. ಮಗು ಹುಟ್ಟಿದ 24 ಗಂಟೆಯೊಳಗೆ, ಬೇಗ ಆದಷ್ಟೂ ಒಳ್ಳೆಯದು, ಲಸಿಕೆಯ ಮೊದಲ ಡೋಸು ಮತ್ತು ಇನ್ನೊಂದು ತೊಡೆಗೆ ಇಮ್ಯುನೊಗ್ಲಾಬ್ಯುಲಿನ್, ಅಂದರೆ ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು. ಆಮೇಲೆ ಆರು, ಹತ್ತು, ಹದಿನಾಲ್ಕನೇ ವಾರದಲ್ಲಿ ಅಂಗನವಾಡಿಯಲ್ಲೋ ಆರೋಗ್ಯ ಕೇಂದ್ರದಲ್ಲೋ ಹಾಕುವ ಪೆಂಟಾವೇಲೆಂಟ್‌ನಲ್ಲೇ ಹೆಪಟೈಟಿಸ್ ಬಿಯೂ ಸೇರಿದೆ. ತಾಯಿ ಎದೆಹಾಲು ಕುಡಿಸಬಹುದು, ಕುಡಿಸಬೇಕು. ಒಂಬತ್ತರಿಂದ ಹನ್ನೆರಡು ತಿಂಗಳ ನಡುವೆ ಮಗುವಿನ ರಕ್ತದಲ್ಲಿ ಆಂಟಿಜೆನ್ ಮತ್ತು ಪ್ರತಿಕಾಯ ಎರಡನ್ನೂ ನೋಡುತ್ತಾರೆ. ಅದಕ್ಕೂ ಮೊದಲು ನೋಡಿದರೆ ಚುಚ್ಚುಮದ್ದಿನಲ್ಲಿ ಕೊಟ್ಟ ಪ್ರತಿಕಾಯವೇ ಲೆಕ್ಕಕ್ಕೆ ಬಂದು, ಮಗು ತಾನೇ ಪ್ರತಿಕಾಯ ಬೆಳೆಸಿಕೊಂಡಿತೋ ಇಲ್ಲವೋ ಎಂಬುದು ತಿಳಿಯುವುದಿಲ್ಲ.